ಡಿಆರ್‌ಎಲ್ ಸಾಕಾ, ಹೆಡ್‌ಲೈಟ್ ಹಾಕಬೇಕಾ? ನಮ್ಮ ಕರಾವಳಿ ರಸ್ತೆಯಲ್ಲಿ ಯಾವ ಹೊತ್ತಿಗೆ ಯಾವ ಲೈಟ್

ಹೊಸ ಕಾರು ತಗೊಂಡವರಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಾಣಿಸುತ್ತಿದೆ. ಮುಂದೆ ಡಿಆರ್‌ಎಲ್‌ನ (ಡೇಟೈಮ್ ರನ್ನಿಂಗ್ ಲೈಟ್, ಅಂದರೆ ಹಗಲಲ್ಲಿ ತಾನಾಗಿ ಉರಿಯುವ ಲೈಟ್) ಬಿಳಿ ಪಟ್ಟಿ ಉರಿಯುತ್ತಾ ಇದೆ, ಹಾಗಾದರೆ ಲೈಟ್ ಆನ್ ಇದೆ ಅಂತ ಅವರ ಲೆಕ್ಕ. ಬಿಸಿಲಿರುವಾಗ ಈ ಲೆಕ್ಕದಿಂದ ಯಾರಿಗೂ ತೊಂದರೆ ಇಲ್ಲ. ಆದರೆ ಜೂನ್ ಬಂದು, ಕೂಳೂರು ಸೇತುವೆ ಮೇಲೆ ಸಂಜೆ ನಾಲ್ಕಕ್ಕೇ ಕತ್ತಲು ಕವಿದು, ಮುಂದಿನ ಲಾರಿ ಕಾಣದಷ್ಟು ಮಳೆ ಸುರಿಯುವಾಗ ಅದೇ ಲೆಕ್ಕ ಅಪಾಯ ತರುತ್ತದೆ. ಯಾಕೆಂದರೆ ಹೆಚ್ಚಿನ ಕಾರುಗಳಲ್ಲಿ ಡಿಆರ್‌ಎಲ್ ಉರಿಯುವುದು ಮುಂದೆ ಮಾತ್ರ. ಹಿಂದೆ ಒಂದು ಚೂರೂ ಕೆಂಪು ಬೆಳಕು ಇರುವುದಿಲ್ಲ.

ಹಾಗಾಗಿ ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ವೈಪರ್ ಬಿಡದೆ ಓಡಿಸುವಷ್ಟು ಮಳೆ ಇದ್ದರೆ ಕೈಯಾರೆ ಸ್ವಿಚ್ ತಿರುಗಿಸಿ ಲೋ ಬೀಮ್ (ಕೆಳಕ್ಕೆ ಬೀಳುವ, ಡಿಮ್ ಹೆಡ್‌ಲೈಟ್) ಹಾಕಿ. ಡಿಆರ್‌ಎಲ್ ಇದೆ ಅಂತ ಸುಮ್ನೆ ಕೂರಬೇಡಿ. ಕತ್ತಲಾದಾಗ ತಾನಾಗಿ ಹತ್ತುವ ಆಟೋ ಹೆಡ್‌ಲೈಟ್ ಇದೆ ಅಂತಲೂ ಪೂರ್ತಿ ನಂಬಬೇಡಿ. ಯಾಕೆ, ಬೇರೆ ಲೈಟುಗಳು ಎಲ್ಲಿ ಉಪಯೋಗ, ದುಡ್ಡು ಕೊಟ್ಟು ಯಾವುದನ್ನು ತಗೊಳ್ಳಬೇಕು ಅನ್ನುವುದನ್ನು ಈಗ ನೋಡೋಣ.

ಡಿಆರ್‌ಎಲ್ ಇರುವುದು ಎದುರಿನವರಿಗಾಗಿ

ಡಿಆರ್‌ಎಲ್ ನಿಮಗೆ ದಾರಿ ತೋರಿಸುವ ಲೈಟ್ ಅಲ್ಲ. ಎದುರಿನಿಂದ ಬರುವವರಿಗೆ, ರಸ್ತೆ ದಾಟಲು ನಿಂತವರಿಗೆ, ಅಡ್ಡರಸ್ತೆಯಿಂದ ಮೆಲ್ಲಗೆ ಮೂತಿ ಹಾಕುವ ಸ್ಕೂಟರ್‌ನವರಿಗೆ ಒಂದು ಕಾರು ಬರುತ್ತಿದೆ ಅಂತ ಹಗಲಿನಲ್ಲೇ ಬೇಗ ಗೊತ್ತಾಗಲಿ ಅಂತ ಇರುವುದು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 87ನೆಯದು ಇದರ ಬಗ್ಗೆಯೇ ಇದೆ. ಆ ಪ್ರಕಾರ ಒಂದು ಡಿಆರ್‌ಎಲ್‌ನ ಬೆಳಕು ನೇರ ಮುಂದಕ್ಕೆ ಕನಿಷ್ಠ 400 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಇರಬೇಕು, ಯಾವ ದಿಕ್ಕಿಗೂ 1,200 ದಾಟಬಾರದು, ಬಣ್ಣ ಬಿಳಿಯೇ ಆಗಿರಬೇಕು. ಹಗಲು ಕಣ್ಣಿಗೆ ಬೀಳಲು ಇದು ಬೇಕಾದಷ್ಟಾಯಿತು. ಕತ್ತಲಲ್ಲಿ ರಸ್ತೆ ಬೆಳಗಲು ಏನೇನೂ ಸಾಲದು, ಆದರೆ ಅದೇ ಕತ್ತಲಲ್ಲಿ ಎದುರಿನವರ ಕಣ್ಣಿಗೆ ಚುಚ್ಚಲು ಮಾತ್ರ ಸಾಕು. ಹೆಡ್‌ಲೈಟ್ ಹಾಕಿದ ಕೂಡಲೇ ಡಿಆರ್‌ಎಲ್ ತಾನಾಗಿ ಆರುವುದು ಅಥವಾ ಮಂದವಾಗುವುದು ಅದಕ್ಕೇ.

ಹಗಲಲ್ಲೂ ಲೈಟ್ ಹಾಕಿ ಓಡಿಸುವ ಪದ್ಧತಿ ಬಂದದ್ದು ಉತ್ತರ ಯುರೋಪಿನಿಂದ. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಮೇಲೇರುವುದೇ ಕಡಿಮೆ, ಮಬ್ಬು ಬೆಳಕೇ ಜಾಸ್ತಿ. ಸ್ವೀಡನ್ 1977ರಲ್ಲಿ ಇದನ್ನು ಕಡ್ಡಾಯ ಮಾಡಿತು. ಯುರೋಪ್ ಒಕ್ಕೂಟದಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಬಂತು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ಹೊಸ ಬೈಕು, ಸ್ಕೂಟರ್‌ಗಳಿಗೆ ಸದಾ ಉರಿಯುವ ಹೆಡ್‌ಲೈಟ್ ಬಂತಲ್ವಾ, ಅದರ ಹಿಂದಿನ ಯೋಚನೆಯೂ ಇದೇ. ಆಗ ಹಗಲು ಲೈಟ್ ಉರಿಸಿಕೊಂಡು ಹೋಗುವ ಬೈಕಿನವರಿಗೆ ಎದುರಿನವರು ಕೈಬೆರಳು ಮುಚ್ಚಿ ತೆರೆದು ಸನ್ನೆ ಮಾಡುತ್ತಿದ್ದರು. ಈಗ ಜನರಿಗೆ ಅಭ್ಯಾಸವಾಗಿದೆ.

ಕೆನಡಾದ ಅನುಭವ ಮಾತ್ರ ನಾವು ಗಮನಿಸಬೇಕಾದ್ದು. ಅಲ್ಲಿ 1989ರ ಡಿಸೆಂಬರ್ ನಂತರ ತಯಾರಾದ ಕಾರುಗಳಿಗೆಲ್ಲ ಡಿಆರ್‌ಎಲ್ ಕಡ್ಡಾಯ. ಎಷ್ಟೋ ವರ್ಷ ಆದ ಮೇಲೆ ಹೊಸ ತೊಂದರೆ ಕಂಡುಬಂತು: ಜನ ರಾತ್ರಿಯೂ ಡಿಆರ್‌ಎಲ್‌ನಲ್ಲೇ ಓಡಿಸುತ್ತಿದ್ದರು, ಹಿಂದೆ ಪೂರ್ತಿ ಕತ್ತಲು. ಕೊನೆಗೆ 2021ರ ಸೆಪ್ಟೆಂಬರ್‌ನಿಂದ ಹೊಸ ನಿಯಮ ತಂದರು. ಒಂದೋ ಡಿಆರ್‌ಎಲ್ ಜೊತೆಗೆ ಹಿಂದಿನ ಟೇಲ್ ಲ್ಯಾಂಪೂ ಉರಿಯಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ಲೈಟು ತಾನಾಗಿ ಹತ್ತಬೇಕು, ಅದೂ ಇಲ್ಲದಿದ್ದರೆ ಲೈಟ್ ಹಾಕುವ ತನಕ ಡ್ಯಾಶ್‌ಬೋರ್ಡ್ ಕತ್ತಲೆಯಾಗಿಯೇ ಇದ್ದು ಓಡಿಸುವವರಿಗೆ ನೆನಪಿಸಬೇಕು.

ಈ ಮೂರನೆಯದರಲ್ಲಿ ಒಂದು ಸತ್ಯ ಉಂಟು. ಹಳೆಯ ಕಾರುಗಳಲ್ಲಿ ಲೈಟ್ ಹಾಕದಿದ್ದರೆ ಮೀಟರ್ ಕಾಣುತ್ತಿರಲಿಲ್ಲ, ಸಂಜೆ ಆಗುತ್ತಿದ್ದ ಹಾಗೆ ಕೈ ತಾನಾಗಿ ಸ್ವಿಚ್ ಕಡೆ ಹೋಗುತ್ತಿತ್ತು. ಈಗಿನ ಡಿಜಿಟಲ್ ಮೀಟರ್, ದೊಡ್ಡ ಟಚ್ ಸ್ಕ್ರೀನ್ ಎಲ್ಲ ಇಂಜಿನ್ ಆನ್ ಮಾಡಿದ ಕ್ಷಣದಿಂದ ಫಳಫಳ ಹೊಳೆಯುತ್ತವೆ. ಒಳಗೆ ಬೆಳಕು, ಮುಂದೆ ಡಿಆರ್‌ಎಲ್‌ನ ಬೆಳಕು ಎದುರಿನ ಕಾರಿನ ಬಂಪರ್ ಮೇಲೆ ಬೀಳುತ್ತಾ ಇರುತ್ತದೆ. ಲೈಟ್ ಹಾಕಿಲ್ಲ ಅಂತ ಗೊತ್ತಾಗುವುದಾದರೂ ಹೇಗೆ?

ಒಮ್ಮೆ ನಿಮ್ಮ ಕಾರನ್ನೇ ನೋಡಿಬಿಡಿ. ರಾತ್ರಿ ಹೊತ್ತು ಮನೆ ಗೇಟಿನ ಹತ್ತಿರವೋ ಮುಚ್ಚಿದ ಅಂಗಡಿಯ ಶಟರ್ ಎದುರೋ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಲೈಟಿನ ಸ್ವಿಚ್ ಆಫ್‌ನಲ್ಲಿಟ್ಟು ಇಂಜಿನ್ ಆನ್ ಮಾಡಿ. ಇಳಿದು ಹಿಂದೆ ಹೋಗಿ ನೋಡಿ. ಆಮೇಲೆ ಪಾರ್ಕಿಂಗ್ ಲೈಟ್ ಹಾಕಿ ನೋಡಿ, ಆಮೇಲೆ ಲೋ ಬೀಮ್. ಎಲ್ಲಿ ಯಾವುದು ಹತ್ತುತ್ತದೆ, ಯಾವುದು ಆರುತ್ತದೆ ಅಂತ ಐದು ನಿಮಿಷದಲ್ಲಿ ತಿಳಿಯುತ್ತದೆ. ಮಾಡೆಲ್‌ನಿಂದ ಮಾಡೆಲ್‌ಗೆ ಇದು ಬದಲಾಗುವುದರಿಂದ ಬೇರೆಯವರ ಮಾತಿಗಿಂತ ಈ ನೋಟವೇ ಗಟ್ಟಿ.

ಮಳೆಗಾಲದ ಹಗಲು: ಇಲ್ಲಿ ಲೋ ಬೀಮ್‌ಗೆ ಎದುರಿಲ್ಲ

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ಹೊತ್ತಿಗೆ) ಪಡುಬಿದ್ರಿಯಿಂದ ಕಾಪು ಕಡೆಗೆ ಹೋಗುವ ಹೆದ್ದಾರಿ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಬೇರೆ ಹೇಳಬೇಕಿಲ್ಲ. ಆಕಾಶ ಬೂದು, ರಸ್ತೆ ಬೂದು, ಮುಂದೆ ಹೋಗುವ ಟ್ಯಾಂಕರ್‌ನ ಚಕ್ರದಿಂದ ಎದ್ದ ನೀರಿನ ಪುಡಿಯೂ ಬೂದು. ಅದರ ನಡುವೆ ಒಂದು ಸಿಲ್ವರ್ ಬಣ್ಣದ ಕಾರು ಹೋಗುತ್ತಿರುತ್ತದೆ. ಹಿಂದಿನಿಂದ ನೋಡಿದರೆ ಕಾರಿನ ಆಕಾರವೇ ಇಲ್ಲ, ನೀರಿನ ಪುಡಿಯಲ್ಲಿ ಸ್ವಲ್ಪ ದಪ್ಪವಾದ ಒಂದು ಮಬ್ಬು ಅಷ್ಟೆ. ಆ ಕಾರಿನವರು ಬ್ರೇಕ್ ಒತ್ತಿದಾಗ ಇದ್ದಕ್ಕಿದ್ದಂತೆ ಎರಡು ಕೆಂಪು ದೀಪ ಹೊಳೆಯುತ್ತವೆ, ಅಷ್ಟರಲ್ಲಿ ನೀವು ತುಂಬಾ ಹತ್ತಿರ ಹೋಗಿರುತ್ತೀರಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಿಮ್ಮ ಕಾಲು ಬ್ರೇಕ್‌ಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿಯಿತು. ಒದ್ದೆ ರಸ್ತೆಯಲ್ಲಿ ನಿಲ್ಲುವುದಕ್ಕೆ ಬೇಕಾದ ದೂರ ಇನ್ನೂ ಬೇರೆ.

ಆ ಮುಂದಿನ ಕಾರಿನ ಮೂತಿಯಲ್ಲಿ ಡಿಆರ್‌ಎಲ್ ಚೆನ್ನಾಗಿಯೇ ಉರಿಯುತ್ತಿರಬಹುದು. ಓಡಿಸುವವರು ತಮ್ಮ ಕಡೆಯಿಂದ ಎಲ್ಲ ಸರಿ ಇದೆ ಅಂತಲೇ ಇರುತ್ತಾರೆ. ಹಿಂದೆ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್‌ಗೆ ಅದರಿಂದ ಏನು ಬಂತು?

ಲೋ ಬೀಮ್ ಹಾಕಿದರೆ ಮುಂದೆ ಹೆಡ್‌ಲೈಟ್, ಹಿಂದೆ ಟೇಲ್ ಲ್ಯಾಂಪ್ ಎರಡೂ ಒಟ್ಟಿಗೆ ಹತ್ತುತ್ತವೆ. ಮಳೆಯಲ್ಲಿ ಅದರ ದೊಡ್ಡ ಲಾಭ ಹಿಂದಿನ ಆ ಕೆಂಪು ದೀಪವೇ. ಕಾನೂನೂ ಇದನ್ನೇ ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 105ನೇ ನಿಯಮದ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ ಮಾತ್ರವಲ್ಲ, ಬೆಳಕು ಸಾಲದ ಯಾವುದೇ ಹೊತ್ತಿನಲ್ಲಿ ಲೈಟ್ ಹಾಕಲೇಬೇಕು. ಜುಲೈಯ ಮಧ್ಯಾಹ್ನವೂ ಅದರಲ್ಲಿ ಬಂತು. ಇಲ್ಲಿ ಜೂನ್, ಜುಲೈನಲ್ಲಿ ಸೂರ್ಯ ಮುಳುಗುವುದು ಏಳರ ಹತ್ತಿರ ಅಂತ ಪಂಚಾಂಗ ನೋಡಿ ಕೂತರೆ ಆಗುವುದಿಲ್ಲ. ಮೋಡ ಪಂಚಾಂಗ ನೋಡಿ ಬರುವುದಿಲ್ಲವಲ್ಲ.

ಪಾರ್ಕಿಂಗ್ ಲೈಟ್ ಹಾಕಿದರೂ ಹಿಂದೆ ಕೆಂಪು ಹತ್ತುತ್ತದೆ, ಅಷ್ಟು ಸಾಲದಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಮುಂದಿನ ಪಾರ್ಕಿಂಗ್ ಬಲ್ಬ್ ಸಾಮಾನ್ಯವಾಗಿ 5 ವ್ಯಾಟ್‌ನದು, ಮಳೆಯಲ್ಲಿ ಅದು ಎದುರಿನವರಿಗೆ ಕಾಣುವುದೇ ಕಷ್ಟ. ಇನ್ನೂ ಒಂದು ವಿಷಯ ಇದೆ. ಎಷ್ಟೋ ಕಾರುಗಳಲ್ಲಿ ಒಂದೇ ಎಲ್‌ಇಡಿ ಪಟ್ಟಿ ಎರಡು ಕೆಲಸ ಮಾಡುತ್ತದೆ. ಜೋರಾಗಿ ಉರಿದರೆ ಡಿಆರ್‌ಎಲ್, ಮಂದವಾಗಿ ಉರಿದರೆ ಪಾರ್ಕಿಂಗ್. ಅಂಥ ಕಾರಿನಲ್ಲಿ ಪಾರ್ಕಿಂಗ್ ಲೈಟ್ ಹಾಕಿದರೆ ಹಿಂದೆ ಬೆಳಕು ಬಂದು ಮುಂದಿನ ಬೆಳಕು ಕಡಿಮೆಯಾಯಿತು ಅಂತ ಆಗುತ್ತದೆ. ಹೆಸರಿಗೆ ತಕ್ಕ ಹಾಗೆ ನಿಂತ ವಾಹನಕ್ಕೆ ಅದು, ಓಡುವ ವಾಹನಕ್ಕಲ್ಲ.

ಹಜಾರ್ಡ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಳೆ ಜೋರಾದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದು ಹೆದ್ದಾರಿಯಲ್ಲಿ ರೂಢಿಯೇ ಆಗಿಬಿಟ್ಟಿದೆ, ದಯವಿಟ್ಟು ಅದನ್ನು ಬಿಡಿ ಮಾರಾಯ್ರೆ. ಹಜಾರ್ಡ್ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಎಡ ಬಲ ಇಂಡಿಕೇಟರ್ ಕೆಲಸಕ್ಕೆ ಬರುವುದಿಲ್ಲ. ಸುರತ್ಕಲ್‌ನಲ್ಲಿ ಸರ್ವಿಸ್ ರಸ್ತೆಗೆ ಇಳಿಯುತ್ತೀರಾ, ನೇರ ಹೋಗುತ್ತೀರಾ ಅಂತ ಹಿಂದಿನವರಿಗೆ ತಿಳಿಯುವುದು ಹೇಗೆ? ಇನ್ನೊಂದು, ಮಿನುಗುವ ನಾಲ್ಕು ದೀಪ ಅಂದರೆ ನಿಂತಿರುವ ಗಾಡಿ ಅಂತ ಅರ್ಥ. ಓಡುವ ಗಾಡಿಗಳೆಲ್ಲ ಮಿನುಗಿದರೆ ನಿಜವಾಗಿಯೂ ಕೆಟ್ಟು ನಿಂತ ಲಾರಿಯನ್ನು ಗುರುತಿಸುವುದು ಯಾವುದರಿಂದ? ಗಾಡಿ ಕೆಟ್ಟು ಬದಿಗೆ ನಿಂತಾಗ, ಅಥವಾ ಮುಂದೆ ಇದ್ದಕ್ಕಿದ್ದಂತೆ ಸಾಲು ನಿಂತು ನೀವು ಅದರ ಕೊನೆಯಲ್ಲಿ ಸಿಕ್ಕಿಕೊಂಡಾಗ ಹಿಂದಿನವರನ್ನು ಎಚ್ಚರಿಸಲು ಹಾಕಿ. ಮಳೆಗೆ ಬೇಡ.

ಲೈಟ್ ಹಾಕಿದರೆ ಮೈಲೇಜ್ ಹೋಗುತ್ತದೆ, ಬ್ಯಾಟರಿ ಇಳಿಯುತ್ತದೆ ಅನ್ನುವ ಹೆದರಿಕೆಯೂ ಕೆಲವರಿಗೆ ಇದೆ. ಹ್ಯಾಲೊಜೆನ್ ಲೋ ಬೀಮ್ ಒಂದು ಬದಿಗೆ 55 ವ್ಯಾಟ್, ಎಲ್‌ಇಡಿ ಆದರೆ ಇನ್ನೂ ಕಡಿಮೆ. ಎಸಿಯ ಎದುರು ಇದು ಲೆಕ್ಕಕ್ಕೇ ಬರುವುದಿಲ್ಲ. ಇಂಜಿನ್ ಓಡುತ್ತಿರುವಾಗ ಕರೆಂಟ್ ಬರುವುದು ಬ್ಯಾಟರಿಯಿಂದಲ್ಲ, ಇಂಜಿನ್ ತಿರುಗಿಸುವ ಆಲ್ಟರ್ನೇಟರ್‌ನಿಂದ.

ಆಟೋ ಹೆಡ್‌ಲೈಟ್ ಎಷ್ಟು ನಂಬಬಹುದು

ಆಟೋದಲ್ಲಿಟ್ಟರೆ ಕನ್ನಡಿಯ ಹಿಂದೆ, ಗಾಜಿನ ಮೇಲ್ಭಾಗದಲ್ಲೋ ಡ್ಯಾಶ್‌ಬೋರ್ಡ್ ಮೇಲೋ ಇರುವ ಸಣ್ಣ ಸೆನ್ಸರ್ ಹೊರಗಿನ ಬೆಳಕು ಅಳೆದು ಲೈಟ್ ಹಾಕುತ್ತದೆ. ಸಂಜೆಗೆ, ರಾತ್ರಿಗೆ, ಅಂಡರ್‌ಪಾಸ್‌ಗೆ ಒಳ್ಳೆಯದು. ನವೆಂಬರ್‌ನಲ್ಲಿ ಆರರ ಆಸುಪಾಸಿಗೇ ಕತ್ತಲಾಗುವಾಗ ಮರೆತುಹೋಗುವ ಭಯ ಇಲ್ಲ. ಮರೆಯುವ ಸ್ವಭಾವದವರಿಗಂತೂ ಆಟೋ ಸದಾ ಆನ್ ಇರಲಿ ಅಂತಲೇ ನಾನು ಹೇಳುವುದು.

ಆದರೆ ಅದು ಅಳೆಯುವುದು ಬೆಳಕನ್ನು. ಮಳೆ ಹಿಡಿದು ಮುಂದಿನದು ಏನೂ ಕಾಣದಿದ್ದರೂ ಆಕಾಶ ಬೆಳ್ಳಗೆ ಇದ್ದರೆ ಸೆನ್ಸರ್ ಲೆಕ್ಕಕ್ಕೆ ಅದು ಹಗಲೇ. ಬಿಳಿ ಮಂಜಿನಲ್ಲೂ ಹಾಗೆಯೇ. ಕೆಲವು ಕಾರುಗಳಲ್ಲಿ ವೈಪರ್ ಸ್ವಲ್ಪ ಹೊತ್ತು ಓಡಿದರೆ ಹೆಡ್‌ಲೈಟ್ ತಾನಾಗಿ ಹತ್ತುವ ವ್ಯವಸ್ಥೆ ಇರುತ್ತದೆ. ನಿಮ್ಮದರಲ್ಲಿ ಇದೆಯಾ ಅಂತ ಮ್ಯಾನ್ಯುಯಲ್ ತೆಗೆದು ನೋಡಿ. ಇಲ್ಲದಿದ್ದರೆ ಮಳೆಗೆ ಕೈಯೇ ಗತಿ.

ಹತ್ತಿತಾ ಇಲ್ಲವಾ ಅಂತ ತಿಳಿಯಲು ಮೀಟರ್‌ನಲ್ಲಿ ಹಸಿರು ಗುರುತು ನೋಡಿ. ಗೆರೆಗಳು ಕೆಳಕ್ಕೆ ಓರೆಯಾಗಿ ಇದ್ದರೆ ಲೋ ಬೀಮ್. ನೀಲಿ ಗುರುತು ಇದ್ದರೆ ಹೈ ಬೀಮ್. ಬೆನ್ನು ಬೆನ್ನು ಕೊಟ್ಟು ನಿಂತ ಎರಡು ಪುಟ್ಟ ದೀಪದ ಗುರುತು ಮಾತ್ರ ಇದ್ದರೆ ಅದು ಪಾರ್ಕಿಂಗ್, ಹೆಡ್‌ಲೈಟ್ ಇನ್ನೂ ಹತ್ತಿಲ್ಲ.

ಸಂಜೆಯ ಬಿಸಿಲು

ಡಿಆರ್‌ಎಲ್‌ನ ನಿಜವಾದ ಬೆಲೆ ತಿಳಿಯುವುದು ಒಣ ಹವೆಯಲ್ಲಿ. ಡಿಸೆಂಬರ್, ಜನವರಿಯ ಸಂಜೆ ಐದೂವರೆಗೆ ಮಣಿಪಾಲದಿಂದ ಉಡುಪಿಗೆ ಇಳಿಯುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಎದುರಿನಿಂದ ಮೇಲೆ ಬರುವ ವಾಹನಗಳೆಲ್ಲ ಬರೀ ಕಪ್ಪು ನೆರಳು. ಅವುಗಳಲ್ಲಿ ಡಿಆರ್‌ಎಲ್ ಇರುವ ಕಾರು ಮಾತ್ರ ಬೇಗ ಗುರುತು ಸಿಗುತ್ತದೆ. ಇದನ್ನು ತಿರುಗಿಸಿ ಯೋಚಿಸಿ: ನೀವು ಉಡುಪಿಯಿಂದ ಮಣಿಪಾಲಕ್ಕೆ ಹತ್ತುವಾಗ ಸೂರ್ಯ ನಿಮ್ಮ ಬೆನ್ನಿಗೆ, ನಿಮಗೆ ಎಲ್ಲವೂ ಸ್ಪಷ್ಟ. ಎದುರಿನವರ ಕಣ್ಣಿಗೆ ನೀವೇ ಆ ಕಪ್ಪು ನೆರಳು. ಡಿಆರ್‌ಎಲ್ ಇಲ್ಲದ ಹಳೆಯ ಕಾರು ಇದ್ದರೆ ಆ ಹೊತ್ತಿಗೆ ಲೋ ಬೀಮ್ ಹಾಕಿಕೊಂಡು ಹತ್ತಿ. ಬೆಳಗ್ಗೆ ಹೊತ್ತು ದಿಕ್ಕು ಉಲ್ಟಾ.

ಮರಗಳ ನೆರಳಿನ ರಸ್ತೆಗೂ ಇದೇ ಮಾತು. ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳ ನಡುವೆ, ಸೋಮೇಶ್ವರದ ಕಾಡಿನ ಒಳಗೆ ನೆತ್ತಿ ಮೇಲೆ ಬಿಸಿಲಿದ್ದರೂ ರಸ್ತೆ ಮೇಲೆ ಬಿಸಿಲು ನೆರಳು ಚುಕ್ಕೆ ಚುಕ್ಕೆಯಾಗಿ ಬಿದ್ದಿರುತ್ತದೆ. ಅಲ್ಲಿ ಬರುವ ಕಾರು ತಿರುವಿನಲ್ಲಿ ಥಟ್ ಅಂತ ಕಾಣುವುದಿಲ್ಲ. ಡಿಆರ್‌ಎಲ್ ಇದ್ದರೆ ಇಲ್ಲಿ ಅದೇ ಸಾಕು.

ಘಾಟಿಯ ಮಂಜು, ರಾತ್ರಿಯ ಕತ್ತಲು

ಆಗುಂಬೆ ಹತ್ತುವಾಗ, ಚಾರ್ಮಾಡಿಯಲ್ಲಿ ಕೊಟ್ಟಿಗೆಹಾರ ಹತ್ತಿರ ಬಂದಾಗ ಮಂಜು ಕವಿದರೆ ಮೊದಲು ಕೈ ಹೋಗುವುದು ಹೈ ಬೀಮ್‌ಗೆ. ಅದು ತಪ್ಪು. ಹೈ ಬೀಮ್‌ನ ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಮುಂದೆ ಬಿಳಿ ಗೋಡೆ ಕಟ್ಟಿದ ಹಾಗಾಗುತ್ತದೆ. ಲೋ ಬೀಮ್ ಇಟ್ಟು, ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ. ಫಾಗ್ ಲ್ಯಾಂಪ್ ಬಂಪರ್‌ನ ಕೆಳಗೆ ಇರುವುದರಿಂದ ಅದರ ಬೆಳಕು ಮಂಜಿನ ಕೆಳಗಿನಿಂದ ಹಾಯ್ದು ರಸ್ತೆಯ ಅಂಚಿನ ಬಿಳಿ ಗೆರೆ ತೋರಿಸುತ್ತದೆ. ಆ ಗೆರೆ ಹಿಡಿದು ನಿಧಾನಕ್ಕೆ ಹೋಗಬೇಕು. ಫಾಗ್ ಲ್ಯಾಂಪ್ ದೂರ ತೋರಿಸುವುದಿಲ್ಲ, ಅದೊಂದನ್ನೇ ಹಾಕಿಕೊಂಡು ಊರೊಳಗೆ ಓಡಾಡುವುದರಲ್ಲಿ ಅರ್ಥವೂ ಇಲ್ಲ.

ಕೆಲವು ಕಾರುಗಳಿಗೆ ಹಿಂದೆಯೂ ಕೆಂಪು ಫಾಗ್ ಲ್ಯಾಂಪ್ ಇರುತ್ತದೆ, ಅದು ಟೇಲ್ ಲ್ಯಾಂಪ್‌ಗಿಂತ ತುಂಬಾ ಜೋರು. ದಟ್ಟ ಮಂಜಿಗೆ ಮಾತ್ರ ಇಟ್ಟುಕೊಳ್ಳಿ. ಬ್ರಿಟನ್‌ನ ಹೆದ್ದಾರಿ ನಿಯಮದಲ್ಲಿ 100 ಮೀಟರ್‌ಗಿಂತ ಮುಂದೆ ಕಾಣದಿದ್ದಾಗ ಹಾಕಿ, ಕಂಡ ಮೇಲೆ ಆರಿಸಿ ಅಂತ ಇದೆ, ಅದು ಒಳ್ಳೆಯ ಅಳತೆ. ಘಾಟಿ ಇಳಿದ ಮೇಲೂ ಅದನ್ನು ಉರಿಸುತ್ತಾ ಹೋದರೆ ಹಿಂದಿನವರಿಗೆ ಬ್ರೇಕ್ ಲೈಟ್ ಯಾವುದು ಅಂತಲೇ ಗೊತ್ತಾಗುವುದಿಲ್ಲ.

ರಾತ್ರಿ ಊರೊಳಗೆ ಲೋ ಬೀಮ್, ಅಷ್ಟೆ. ನಮ್ಮ ದೇಶದ ಕಾರುಗಳಲ್ಲಿ ಲೋ ಬೀಮ್‌ನ ಬೆಳಕು ಎಡಕ್ಕೆ ಸ್ವಲ್ಪ ಮೇಲೆ ಮತ್ತು ದೂರಕ್ಕೆ, ಬಲಕ್ಕೆ ಕೆಳಗೆ ಬೀಳುವ ಹಾಗೆ ಇರುತ್ತದೆ. ಬಲದಲ್ಲಿ ಎದುರಿನವರ ಕಣ್ಣು ಉಳಿಯಲಿ, ಎಡದಲ್ಲಿ ನಡೆದು ಹೋಗುವವರು ಕಾಣಲಿ ಅಂತ. ಯಕ್ಷಗಾನವೋ ಕೋಲವೋ ನೋಡಿ ಫುಟ್‌ಪಾತ್ ಇಲ್ಲದ ರಸ್ತೆ ಬದಿಯಲ್ಲಿ ಮನೆ ಮಂದಿ ಗುಂಪಾಗಿ ನಡೆದು ಹೋಗುವ ಊರು ನಮ್ಮದು, ಎಡಬದಿಯ ಆ ಬೆಳಕು ಇಲ್ಲಿ ಬಹಳ ಮುಖ್ಯ.

ಹೈ ಬೀಮ್ ಬೇಕಾಗುವುದು ಹೆಬ್ರಿ–ಸೋಮೇಶ್ವರ, ಉಜಿರೆ–ಚಾರ್ಮಾಡಿಯಂಥ ಖಾಲಿ ಕತ್ತಲ ರಸ್ತೆಗೆ. ಅಲ್ಲಿ ದನ, ನಾಯಿ, ಕಾಡುಪ್ರಾಣಿ ದೂರದಿಂದಲೇ ಕಾಣಬೇಕು, ಧೈರ್ಯವಾಗಿ ಹಾಕಿ. ತಿರುವಿನ ಆಚೆ ಎದುರಿನ ಗಾಡಿಯ ಬೆಳಕು ಮರಗಳ ಮೇಲೆ ಹರಿದಾಡಿದ ಕೂಡಲೇ ಡಿಮ್ ಮಾಡಿ, ಗಾಡಿ ಕಾಣುವ ತನಕ ಕಾಯಬೇಡಿ. ಚತುಷ್ಪಥ ಹೆದ್ದಾರಿಯಲ್ಲಿ ನಡುವೆ ಡಿವೈಡರ್ ಇದೆ, ಹೈ ಬೀಮ್ ಹಾಕಿದರೇನು ಅನ್ನುವವರು ತುಂಬಾ ಜನ. ಡಿವೈಡರ್ ಮೇಲೆ ಗಿಡ ಇಲ್ಲದ ಕಡೆ ಬೆಳಕು ಆಚೆಯ ಎಲ್ಲರ ಕಣ್ಣಿಗೂ ಹೋಗುತ್ತದೆ, ಮುಂದೆ ಹೋಗುವವರ ಕನ್ನಡಿಗೂ ಹೋಗುತ್ತದೆ.

ದುಡ್ಡು ಕೊಡುವುದಾದರೆ ಯಾವುದಕ್ಕೆ

ಕಂಪನಿಯಿಂದಲೇ ಬರುವ ಡಿಆರ್‌ಎಲ್‌ಗಾಗಿ ಮೇಲಿನ ವೇರಿಯಂಟ್ ತಗೊಳ್ಳಬೇಕಾ? ಅದೊಂದಕ್ಕಾಗಿಯೇ ಆದರೆ ನಾನು ಬೇಡ ಅನ್ನುತ್ತೇನೆ. ಹಗಲು ಲೋ ಬೀಮ್ ಹಾಕಿದರೂ ಎದುರಿನವರಿಗೆ ನೀವು ಕಾಣುತ್ತೀರಿ. ಒಂದು ವೇರಿಯಂಟ್‌ನಲ್ಲಿ ಡಿಆರ್‌ಎಲ್, ಇನ್ನೊಂದರಲ್ಲಿ ಒಳ್ಳೆಯ ಹೆಡ್‌ಲೈಟ್ ಮತ್ತು ಹಿಂದಿನ ವೈಪರ್ ಇದ್ದರೆ ಎರಡನೆಯದು ನಮ್ಮ ಮಳೆಗೆ ಜಾಸ್ತಿ ಉಪಯೋಗ. ಆಟೋ ಹೆಡ್‌ಲೈಟ್ ಜೊತೆಗೆ ಬಂದರೆ ಇನ್ನೂ ಒಳ್ಳೆಯದು.

ಹೊರಗಿನ ಅಂಗಡಿಯಲ್ಲಿ ಅಂಟಿಸುವ ಎಲ್‌ಇಡಿ ಪಟ್ಟಿಗಳ ಬಗ್ಗೆ ನನಗೆ ಸಮಾಧಾನ ಇಲ್ಲ. ಹೆಚ್ಚಿನವು ನೇರ ಇಗ್ನಿಷನ್‌ಗೆ ಜೋಡಿಸಿದವು, ರಾತ್ರಿ ಹೆಡ್‌ಲೈಟ್ ಹಾಕಿದರೂ ಮಂದವಾಗುವುದಿಲ್ಲ. ಸರಿಯಾಗಿ ಸೀಲ್ ಆಗದಿದ್ದರೆ ಒಂದು ಮಳೆಗಾಲಕ್ಕೆ ಒಳಗೆ ನೀರು ಸೇರುತ್ತದೆ. ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೂ ತೊಂದರೆ. ಹಾಕಲೇಬೇಕು ಅಂತಿದ್ದರೆ ಬಿಳಿ ಬಣ್ಣದ್ದು, ಹೆಡ್‌ಲೈಟ್ ಜೊತೆ ತಾನಾಗಿ ಆರುವ ರಿಲೇ ಇರುವುದನ್ನು ಮಾತ್ರ ತಗೊಳ್ಳಿ. ನೀಲಿ ಕೆಂಪು ಮಿನುಗುವುದು ಬೇಡವೇ ಬೇಡ. ಹ್ಯಾಲೊಜೆನ್ ರಿಫ್ಲೆಕ್ಟರ್ ಒಳಗೆ ಎಚ್‌ಐಡಿ ಬಲ್ಬ್ (ಗ್ಯಾಸ್ ತುಂಬಿದ, ತುಂಬಾ ಜೋರಾಗಿ ಉರಿಯುವ ಬಲ್ಬ್) ಹಾಕಿಸುವುದೂ ಹಾಗೆಯೇ, ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೋಗುತ್ತದೆಯೇ ಹೊರತು ರಸ್ತೆ ಮೇಲೆ ಬೀಳುವುದಿಲ್ಲ.

ಖರ್ಚಿಲ್ಲದ ಎರಡು ಕೆಲಸ ಇವೆ. ಮಳೆಗಾಲದಲ್ಲಿ ಕೆಂಪು ಮಣ್ಣಿನ ನೀರು ಚಿಮ್ಮಿ, ಮುಖ್ಯವಾಗಿ ಸಣ್ಣ ಹ್ಯಾಚ್‌ಬ್ಯಾಕ್‌ಗಳ ಹಿಂಭಾಗದಲ್ಲಿ, ಟೇಲ್ ಲ್ಯಾಂಪ್ ಮೇಲೆ ಒಂದು ಪದರವೇ ಕೂತಿರುತ್ತದೆ. ಹೊರಡುವ ಮೊದಲು ಒದ್ದೆ ಬಟ್ಟೆಯಲ್ಲಿ ಹಿಂದಿನದನ್ನೂ ಮುಂದಿನದನ್ನೂ ಒರೆಸಿ. ಇನ್ನೊಂದು, ಸ್ಟೇರಿಂಗ್‌ನ ಬಲಬದಿಯ ಕೆಳಗೆ 0ಯಿಂದ 3ರವರೆಗೆ ಅಂಕಿ ಇರುವ ಸಣ್ಣ ಚಕ್ರ ಇದ್ದರೆ ಅದು ಹೆಡ್‌ಲೈಟ್‌ನ ಎತ್ತರ ಸರಿಮಾಡಲು. ಒಬ್ಬರೇ ಇದ್ದಾಗ 0. ಮನೆಯವರನ್ನೆಲ್ಲ ಕೂರಿಸಿ, ಡಿಕ್ಕಿ ತುಂಬಿಸಿ ಕೊಲ್ಲೂರಿಗೋ ಧರ್ಮಸ್ಥಳಕ್ಕೋ ಹೊರಟರೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಲೋ ಬೀಮ್ ಹಾಕಿದ್ದರೂ ಎದುರಿನವರಿಗೆ ಹೈ ಬೀಮ್ ಹೊಡೆದ ಹಾಗಾಗುತ್ತದೆ. ಆಗ 2ಕ್ಕೋ 3ಕ್ಕೋ ತಿರುಗಿಸಿ, ವಾಪಸ್ ಬಂದು ಸಾಮಾನು ಇಳಿಸಿದ ಮೇಲೆ ಮತ್ತೆ 0ಗೆ ತನ್ನಿ.